ಬೋರ್ಡ್ ಮೇಲೆ ಹೆಸರು ಬರೆದ ಲೀಡರ್ ಸೆಂಡಾಫ್‌ನಲ್ಲಿ ಏನು ಮಾತಾಡಬೇಕು?

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದೇನೆ. ಎಂಟನೇ ಕ್ಲಾಸಿನಿಂದಲೂ ನಾನೇ ಕ್ಲಾಸ್ ಲೀಡರ್. ಮುಂದಿನ ತಿಂಗಳು ನಮಗೆ ಬೀಳ್ಕೊಡುಗೆ. ವಿದ್ಯಾರ್ಥಿಗಳ ಪರವಾಗಿ ಸವಿನೆನಪುಗಳ ಬಗ್ಗೆ ಐದು ನಿಮಿಷ ಮಾತಾಡು ಅಂತ ಹೆಡ್‌ಮಾಸ್ಟರ್ ಹೇಳಿದ್ದಾರೆ. ಆದರೆ ಗಲಾಟೆ ಮಾಡಿದವರ ಹೆಸರು ಬೋರ್ಡ್ ಮೇಲೆ ಬರೆದೂ ಬರೆದೂ ಅರ್ಧ ಕ್ಲಾಸು, ಅದರಲ್ಲೂ ಹುಡುಗರು, ನನ್ನ ಜೊತೆ ಸರಿಯಾಗಿ ಮಾತಾಡಲ್ಲ. ‘ಚಾಡಿ ಲೀಡರ್’ ಅಂತ ಹೆಸರಿಟ್ಟಿದ್ದಾರೆ. ಯೂಟ್ಯೂಬ್‌ನಲ್ಲಿ ಭಾಷಣ ಹುಡುಕಿದೆ, ಎಲ್ಲ ಒಂದೇ ತರ ಇವೆ. ನನಗಂತೂ ಸವಿನೆನಪು ಅಂತ ಹೇಳಿಕೊಳ್ಳೋಕೆ ಹೆಚ್ಚೇನೂ ಇಲ್ಲ. ನನ್ನಿಂದ ಆಗಲ್ಲ ಅಂದುಬಿಡಲಾ? ಮಾತಾಡುವುದಾದರೆ ಏನು ಮಾತಾಡಲಿ?

ಉತ್ತರ: ಆಗಲ್ಲ ಅನ್ನಬೇಡ. ನಿನಗಿಂತ ಗಟ್ಟಿ ದನಿಯವರು, ಸಭಾಕಂಪನ ಇಲ್ಲದವರು ನಿನ್ನ ಕ್ಲಾಸಿನಲ್ಲಿ ಇರಬಹುದು. ಆದರೆ ಈ ಭಾಷಣಕ್ಕೆ ಬೇಕಾದ ಸರಕು ನಿನ್ನ ಹತ್ತಿರ ಇರುವಷ್ಟು ಬೇರೆ ಯಾರ ಹತ್ತಿರವೂ ಇಲ್ಲ. ಅದು ಸರಕು ಅಂತ ನಿನಗೆ ಇನ್ನೂ ಅನ್ನಿಸಿಲ್ಲ, ಅಷ್ಟೆ.

ಮೊದಲು ಆ ಬೋರ್ಡಿನ ವಿಷಯ ಮುಗಿಸೋಣ. ಅದು ಮುಗಿಯದೆ ನೀನು ಮೈಕ್ ಮುಂದೆ ನೆಟ್ಟಗೆ ನಿಲ್ಲಲಾರೆ. ಗಲಾಟೆ ಮಾಡಿದವರ ಪಟ್ಟಿ ಬರೆಯುವುದು ನೀನಾಗಿ ಕೇಳಿ ಪಡೆದ ಕೆಲಸವಲ್ಲ. ಪೀರಿಯಡ್ ಖಾಲಿ ಇರುತ್ತದೆ, ಮೇಷ್ಟ್ರು ತರಬೇತಿಗೆ ಹೋಗಿರುತ್ತಾರೆ, ಇಲ್ಲವೇ ಒಬ್ಬರೇ ಎರಡು ಸೆಕ್ಷನ್ ನೋಡಿಕೊಳ್ಳಬೇಕಾಗಿರುತ್ತದೆ. ಆಗ ಮಾತು ಕೇಳುವ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು ‘ಯಾರು ಮಾತಾಡ್ತಾರೋ ಬರಿ’ ಅನ್ನುವುದು ನಮ್ಮ ಶಾಲೆಗಳ ಹಳೇ ಚಾಳಿ. ಹಿಂದೆ ಆ ಪಟ್ಟಿಯ ಕೊನೆಗೆ ಬೆತ್ತ ಇರುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಬೆತ್ತ ಕಡಿಮೆಯಾಯಿತು, ಪಟ್ಟಿ ಹಾಗೇ ಉಳಿಯಿತು. ನನ್ನನ್ನು ಕೇಳಿದರೆ ಪಟ್ಟಿಯೂ ಹೋಗಬೇಕು. ಶಾಲಾ ಸಂಸತ್ತಿನಲ್ಲಿ ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ಕ್ರೀಡಾ ಮಂತ್ರಿ ಅಂತ ಮಾಡುತ್ತಾರಲ್ಲ, ಆ ಮಕ್ಕಳಿಗೆ ಒಂದು ಕೆಲಸ ಇರುತ್ತದೆ, ಮಾಡಿದ್ದು ನಾಲ್ಕು ಜನರ ಕಣ್ಣಿಗೆ ಕಾಣುತ್ತದೆ. ಪಟ್ಟಿ ಬರೆಯುವ ಲೀಡರ್‌ಗೆ ಸಿಗುವುದು ಮೇಷ್ಟ್ರ ಶಹಬ್ಬಾಸ್ ಮತ್ತು ಗೆಳೆಯರ ಮುನಿಸು, ಎರಡೇ. ಈ ಮುನಿಸಿನಲ್ಲಿ ದೊಡ್ಡ ಪಾಲು ನಮ್ಮಂಥ ದೊಡ್ಡವರದು.

ಒಂಚೂರು ಪಾಲು ನಿನ್ನದೂ ಇರಬಹುದು. ಸತ್ಯ ಹೇಳು: ನಿನ್ನ ಪಕ್ಕ ಕೂರುವವಳ ಹೆಸರು ಎಷ್ಟು ಸಲ ಬರೆದಿದ್ದೀಯ? ನಮ್ಮ ಕಡೆ ಈಗ ಗುರುವಂದನೆ ಕಾರ್ಯಕ್ರಮಗಳು ಬಹಳ. ಇಪ್ಪತ್ತು, ಇಪ್ಪತ್ತೈದು ವರ್ಷದ ಹಿಂದಿನ ಬ್ಯಾಚಿನವರು ಒಟ್ಟಾಗಿ ಹಳೇ ಮೇಷ್ಟ್ರುಗಳನ್ನು ಕರೆಸಿ ಶಾಲು ಹೊದಿಸಿ, ಮಧ್ಯಾಹ್ನ ಊಟ ಹಾಕಿಸುತ್ತಾರೆ. ನಿವೃತ್ತ ಮೇಷ್ಟ್ರಾದ ನನಗೆ ಇಂಥ ಊಟ ಆಗಾಗ ಸಿಗುತ್ತದೆ. ಅಲ್ಲಿ ಲೀಡರ್ ಮತ್ತು ಪಟ್ಟಿಯ ವಿಷಯ ಬಂದೇ ಬರುತ್ತದೆ. ನಲವತ್ತು ದಾಟಿದ ಗಂಡಸರು ‘ನನ್ನ ಹೆಸರು ಬರೆದಳು’ ಅಂತ ದೂರುವುದಿಲ್ಲ. ‘ಅವಳ ಬೆಂಚಿನವರ ಹೆಸರು ಒಂದು ದಿನವೂ ಬರೆಯಲಿಲ್ಲ ಸಾರ್’ ಅನ್ನುತ್ತಾರೆ. ತಾವು ಮಾತಾಡಿದ್ದು ನಿಜ ಅನ್ನುವುದು ಅವರಿಗೂ ಗೊತ್ತು. ಸಿಟ್ಟಿರುವುದು ತಾರತಮ್ಯದ ಮೇಲೆ. ಹೇಳುವಾಗ ನಗುತ್ತಾರೆ, ಲೀಡರ್ ಕೂಡ ನಗುತ್ತಾಳೆ. ಆದರೂ ಅಷ್ಟು ವರ್ಷ ಮರೆಯದೆ ಇಟ್ಟುಕೊಂಡಿದ್ದರಲ್ಲ, ಅದನ್ನು ನೀನು ಗಮನಿಸಬೇಕು.

(ಮಧ್ಯೆ ಒಂದು ಮಾತು. ದಾವಣಗೆರೆಯ ಹಳೇ ಬ್ಯಾಚುಗಳ ಗುರುವಂದನೆಗೆ ಹೋದರೆ ಯಾರಾದರೊಬ್ಬರು ತಮ್ಮ ವರ್ಗಾವಣೆ ಪತ್ರ ತಂದು ತೋರಿಸುತ್ತಾರೆ: ಶಾಲೆ ದಾವಣಗೆರೆಯದು, ಜಿಲ್ಲೆ ಚಿತ್ರದುರ್ಗ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೂ ಮುಂಚೆ ಶಾಲೆ ಬಿಟ್ಟವರೆಲ್ಲ ಕಾಗದದ ಮೇಲೆ ದುರ್ಗದವರೇ. ‘ನಾವೂ ಕೋಟೆಯವರು’ ಅಂತ ಅವರು ರೇಗಿಸುವುದು, ದುರ್ಗದವರು ‘ಬೆಣ್ಣೆದೋಸೆ ಕೊಡಿಸಿ, ಸೇರಿಸ್ಕೋತೀವಿ’ ಅನ್ನುವುದು ಇದ್ದೇ ಇದೆ.)

ಹಾಗಾದರೆ ಮಾಡುವುದೇನು? ಪಟ್ಟಿಯಲ್ಲಿ ಅತಿ ಹೆಚ್ಚು ಸಲ ಬಂದ ಎರಡು ಮೂರು ಹೆಸರು ನಿನಗೆ ಬಾಯಿಪಾಠ ಇರುತ್ತವೆ. ಸೆಂಡಾಫ್‌ಗೆ ಮುಂಚೆಯೇ, ಬಿಸಿಯೂಟದ ತಟ್ಟೆ ತೊಳೆಯುವ ಹೊತ್ತಿಗೋ ಸೈಕಲ್ ಸ್ಟ್ಯಾಂಡಿನ ಹತ್ತಿರವೋ, ಒಬ್ಬೊಬ್ಬರಿಗೇ ನೇರವಾಗಿ ಹೇಳು: ‘ನಿನ್ನ ಹೆಸರು ಬರ್ದಿದೀನಿ, ನನ್ನ ಗೆಳತಿಯರದು ಬಿಟ್ಟಿದೀನಿ. ಅದು ತಪ್ಪು.’ ಅಷ್ಟೇ ಸಾಕು. ‘ಆದ್ರೆ ನೀನೂ ಗಲಾಟೆ ಮಾಡ್ತಿದ್ದೆ’ ಅಂತ ಬಾಲ ಸೇರಿಸಬೇಡ, ಸೇರಿಸಿದರೆ ಮೊದಲಿನ ಮಾತು ಬಿದ್ದುಹೋಗುತ್ತದೆ. ಅವರು ‘ಹೋಗ್ಲಿ ಬಿಡು’ ಅನ್ನಬಹುದು, ಏನೂ ಅನ್ನದೆ ಎದ್ದು ಹೋಗಬಹುದು. ಎರಡನ್ನೂ ಒಪ್ಪಿಕೋ. ಮೈಕ್‌ನಲ್ಲಿ ಮಾತ್ರ ಕ್ಷಮೆ ಕೇಳಬೇಡ. ತಂದೆ ತಾಯಿ, ಎಸ್‌ಡಿಎಂಸಿಯವರು, ಊರಿನವರು ಕೂತಿರುವ ಕಡೆ ಕ್ಷಮೆ ಕೇಳಿದರೆ ಎದುರಿಗಿದ್ದವನು ಚಪ್ಪಾಳೆ ತಟ್ಟಲೇಬೇಕಾಗುತ್ತದೆ. ಇಷ್ಟವಿಲ್ಲದೆ ತಟ್ಟಿದ ಚಪ್ಪಾಳೆಯಿಂದ ಮುನಿಸು ಇನ್ನಷ್ಟು ಗಟ್ಟಿಯಾಗುತ್ತದೆ.

ಮೂರು ವರ್ಷದ ಮುನಿಸು ಒಂದು ತಿಂಗಳಲ್ಲಿ ಹೋಗುತ್ತದಾ ಅಂತ ನೀನು ಕೇಳಬಹುದು. ಪೂರ್ತಿ ಹೋಗಲಿಕ್ಕಿಲ್ಲ. ಆದರೆ ಕೊನೆಯ ದಿನಗಳಿಗೆ ನಾವು ಅಂದುಕೊಂಡದ್ದಕ್ಕಿಂತ ತೂಕ ಹೆಚ್ಚು. ಡೇನಿಯಲ್ ಕಾನೆಮನ್ ಅಂತ ಒಬ್ಬ ಮನೋವಿಜ್ಞಾನಿ ಇದ್ದರು, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದವರು. ಅವರೂ ಸಂಗಡಿಗರೂ 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಒಂದು ಸಲ 60 ಸೆಕೆಂಡು ಕೈಯನ್ನು 14 ಡಿಗ್ರಿಯ ತಣ್ಣೀರಿನಲ್ಲಿ ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡು, ಅದರ ಮೇಲೆ ಇನ್ನೂ 30 ಸೆಕೆಂಡು. ಆ 30 ಸೆಕೆಂಡಿನಲ್ಲಿ ನೀರನ್ನು ನಿಧಾನವಾಗಿ ಒಂದೇ ಒಂದು ಡಿಗ್ರಿ ಬೆಚ್ಚಗೆ ಮಾಡಿದರು. ಯಾವುದನ್ನು ಮತ್ತೆ ಮಾಡುತ್ತೀರಿ ಅಂತ ಕೇಳಿದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು. ಲೆಕ್ಕಕ್ಕೆ ನೋಡಿದರೆ ಅದರಲ್ಲೇ ಚಳಿ ಹೆಚ್ಚು. ಆದರೆ ಮನಸ್ಸು ಎಷ್ಟು ಹೊತ್ತು ಅಂತ ಲೆಕ್ಕ ಇಡುವುದಿಲ್ಲ. ಅತಿ ತೀವ್ರವಾದ ಗಳಿಗೆ ಮತ್ತು ಕೊನೆಯ ಗಳಿಗೆ, ಇವೆರಡನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ. ತಣ್ಣೀರಿಗೂ ಹೈಸ್ಕೂಲಿಗೂ ಪೂರ್ತಿ ತಾಳೆ ಹಾಕಲು ಆಗುವುದಿಲ್ಲ, ನಿಜ. ಆದರೂ ಈ ಒಂದು ತಿಂಗಳನ್ನು ನೀನು ಸುಮ್ಮನೆ ಕಳೆಯಬೇಡ ಅನ್ನುವುದಕ್ಕೆ ಇಷ್ಟು ಆಧಾರ ಸಾಕು.

ಇನ್ನು ‘ಹೇಳಿಕೊಳ್ಳೋಕೆ ಹೆಚ್ಚೇನೂ ಇಲ್ಲ’ ಅನ್ನುವ ಮಾತು. ಮೂರು ವರ್ಷ ದಿನಾ ಬೆಳಿಗ್ಗೆ ಬೋರ್ಡಿನ ಮೂಲೆಯಲ್ಲಿ ಒಟ್ಟು, ಹಾಜರು, ಗೈರು ಅಂತ ಬರೆದವಳು ನೀನು. ಈರುಳ್ಳಿ ಕೀಳುವಾಗ ಯಾವ ಬೆಂಚು ಖಾಲಿಯಾಗುತ್ತದೆ, ಶೇಂಗಾ ಸುಗ್ಗಿಗೆ ಯಾರು ವಾರಗಟ್ಟಲೆ ಬರುವುದಿಲ್ಲ, ಬಂದ ಮೇಲೆ ಯಾರ ನೋಟ್ಸ್ ಕೇಳಿ ಬರೆದುಕೊಳ್ಳುತ್ತಾರೆ, ಎಲ್ಲ ನಿನಗೆ ಗೊತ್ತು. ಹೋಂವರ್ಕ್ ಪುಸ್ತಕದ ಕಟ್ಟನ್ನು ಸ್ಟಾಫ್ ರೂಮಿಗೆ ಹೊರುವಾಗ ಯಾರ ಅಕ್ಷರ ಎಂಟರಲ್ಲಿ ಹೇಗಿತ್ತು, ಹತ್ತರಲ್ಲಿ ಹೇಗಾಯಿತು ಅಂತ ನೋಡಿದ್ದೀಯ. ಬಸ್ ತಡವಾಗಿ ಪ್ರಾರ್ಥನೆಗೆ ಓಡಿ ಬರುವವರು ಯಾರು, ಬೋರ್ಡ್ ಕಾಣದೆ ಕಣ್ಣು ಕಿರಿದು ಮಾಡುವವರು ಯಾರು, ಕರೆಂಟ್ ಹೋದಾಗ ಮೊದಲು ಕಿಟಕಿ ತೆಗೆಯುವವರು ಯಾರು? ಇವು ನಿನಗೆ ಕೆಲಸ ಅನ್ನಿಸಿದ್ದವು. ಕೇಳುವವರಿಗೆ ಇವೇ ಸವಿನೆನಪು.

ಆದರೂ ನಿನ್ನ ಕಣ್ಣಿಗೆ ಬಿದ್ದದ್ದಷ್ಟೇ ಕ್ಲಾಸಿನ ಕಥೆ ಅಲ್ಲ. ಹಿಂದಿನ ಬೆಂಚಿನಲ್ಲಿ ನಡೆದದ್ದು ಲೀಡರ್‌ಗೆ ಗೊತ್ತಾಗದ ಹಾಗೆ ನಡೆದಿರುತ್ತದೆ. ಅದಕ್ಕೆ ಒಂದು ಉಪಾಯ ಇದೆ. ಖಾಲಿ ಸ್ವೀಟ್ ಡಬ್ಬಿಯ ಮುಚ್ಚಳಕ್ಕೆ ತೂತು ಮಾಡಿ ಕ್ಲಾಸಿನಲ್ಲಿಡು. ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಡು. ಹೆಸರು ಬರೆಯುವ ಹಾಗಿಲ್ಲ. ಪ್ರಶ್ನೆ ಒಂದೇ: ‘ಈ ಮೂರು ವರ್ಷದಲ್ಲಿ ನಿನಗೆ ನೆನಪಿರುವ ಒಂದು ದಿನ ಯಾವುದು, ಅವತ್ತು ಏನಾಯಿತು?’ ‘ಸವಿನೆನಪು ಬರೆಯಿರಿ’ ಅಂತ ಕೇಳಬೇಡ. ಹಾಗೆ ಕೇಳಿದರೆ ‘ಶಾಲೆಯೇ ದೇಗುಲ’ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಒಂದು ದಿನ ಅಂದರೆ ನಿಜವಾದ ದಿನ ಬರುತ್ತದೆ: ಖೋ ಖೋದಲ್ಲಿ ತಾಲ್ಲೂಕು ಮಟ್ಟದಲ್ಲಿ ಸೋತು ಬಂದದ್ದು, ಪ್ರತಿಭಾ ಕಾರಂಜಿಗೆ ಕಟ್ಟಿದ ಗೆಜ್ಜೆ ವೇದಿಕೆ ಮೇಲೆ ಬಿಚ್ಚಿಕೊಂಡದ್ದು, ನವೆಂಬರ್ 11ರ ಓಬವ್ವ ಜಯಂತಿಗೆ ಒನಕೆ ಎಲ್ಲೂ ಸಿಗದೆ ಬಿಸಿಯೂಟದ ಅಡುಗೆಮನೆಯ ಸೌದೆ ಹಿಡಿದು ನಿಂತದ್ದು. ಚೀಟಿಗಳನ್ನು ನೀನೊಬ್ಬಳೇ ಓದಬೇಡ. ನಿನ್ನ ಜೊತೆ ಮಾತಾಡದವರಲ್ಲಿ ಒಬ್ಬನನ್ನು ಕರೆದುಕೊಂಡು ಕೂತು ಓದು. ಒಟ್ಟಿಗೆ ಒಂದು ಕೆಲಸ ಮಾಡಿದರೆ ರಾಜಿ ಮಾತಿಗಿಂತ ಬೇಗ ಕೆಲಸ ಆಗುತ್ತದೆ.

ಭಾಷಣ ಬರೆಯುವಾಗ ಮೂರೇ ಪ್ರಸಂಗ ಇಟ್ಟುಕೋ. ಐದು ನಿಮಿಷ ಅಂದರೆ ದೊಡ್ಡ ಅಕ್ಷರದಲ್ಲಿ ಎರಡು ಮೂರು ಪುಟ, ಅದಕ್ಕಿಂತ ಹೆಚ್ಚಿಲ್ಲ. ‘ವೇದಿಕೆ ಮೇಲೆ ಆಸೀನರಾಗಿರುವ’ ಅಂತ ಶುರುಮಾಡಿ ಎಲ್ಲರ ಹೆಸರು ಹೇಳುವಷ್ಟರಲ್ಲಿ ಒಂದೂವರೆ ನಿಮಿಷ ಹೋಗಿರುತ್ತದೆ. ನಿರೂಪಣೆ ಮಾಡುವವರು ಆ ಹೆಸರುಗಳನ್ನು ಹೇಳಿಯೇ ಇರುತ್ತಾರೆ. ‘ಎಲ್ಲರಿಗೂ ನಮಸ್ಕಾರ’ ಅಂದು ವಿಷಯಕ್ಕೆ ಬಾ. ಯೂಟ್ಯೂಬಿನ ಭಾಷಣಗಳು ಒಂದೇ ತರ ಇರುವುದು ಯಾಕೆ ಗೊತ್ತಾ? ಅವುಗಳಲ್ಲಿ ಒಂದು ಶಾಲೆಯ ಹೆಸರು ತೆಗೆದು ಇನ್ನೊಂದು ಶಾಲೆಯ ಹೆಸರು ಹಾಕಿದರೂ ನಡೆಯುತ್ತದೆ. ‘ನಾವು ಗೂಡು ಬಿಟ್ಟ ಹಕ್ಕಿಗಳು’ ಅನ್ನುವ ವಾಕ್ಯ ಬೀದರ್‌ನಲ್ಲೂ ನಡೆಯುತ್ತದೆ, ಮಂಗಳೂರಿನಲ್ಲೂ ನಡೆಯುತ್ತದೆ. ನಿನ್ನದು ನಿನ್ನ ಶಾಲೆಯಲ್ಲಿ ಮಾತ್ರ ನಡೆಯಬೇಕು. ಹೀಗೆ ಬರೆದು ನೋಡು:

‘ಒಂಬತ್ತನೇ ಕ್ಲಾಸಲ್ಲಿ ದುರ್ಗದ ಕೋಟೆಗೆ ಹೋಗಿದ್ವಿ. ಗೋಪಾಲಸ್ವಾಮಿ ಹೊಂಡದ ಹತ್ತಿರ ಬುತ್ತಿ ಬಿಚ್ಚುವಾಗ ಕೋತಿ ಬಂದು ಒಂದು ಚಿತ್ರಾನ್ನದ ಡಬ್ಬಿ ಎತ್ಕೊಂಡು ಹೋಯ್ತು. ಡಬ್ಬಿ ಯಾರದು ಅಂತ ಹೇಳಲ್ಲ, ಅವನೇ ಈಗ ತಲೆ ತಗ್ಗಿಸಿದಾನೆ. ಎಲ್ಲರೂ ಒಂದೊಂದು ತುತ್ತು ಕೊಟ್ಟರು. ಮನೆಯಿಂದ ತಂದಿದ್ದಕ್ಕಿಂತ ಜಾಸ್ತಿ ತಿಂದ. ವಾಪಸ್ ಬರುವಾಗ ಬಸ್ಸಲ್ಲಿ ವಾಂತಿ ಮಾಡಿದ್ದೂ ಅವನೇ. ಕ್ಲೀನ್ ಮಾಡಿದ್ದು ಮಾತ್ರ ಪಿ.ಇ. ಸರ್.’

ಇದರಲ್ಲಿ ಪಿ.ಇ. ಸರ್ ದೇವರ ಸಮಾನ ಅಂತ ಎಲ್ಲೂ ಹೇಳಿಲ್ಲ, ಹೇಳುವ ಅಗತ್ಯವೂ ಇಲ್ಲ. ನಕ್ಕವರು ಅವರ ಕಡೆ ತಿರುಗಿ ನೋಡುತ್ತಾರೆ. ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕಿಲ್ಲ. ಆ ಹುಡುಗನನ್ನು ಮಾತ್ರ ಮುಂಚೆಯೇ ಕೇಳು. ಬೇಡ ಅಂದರೆ ಆ ಪ್ರಸಂಗ ಬಿಟ್ಟುಬಿಡು, ಎಷ್ಟೇ ಚೆನ್ನಾಗಿದ್ದರೂ. ಮೇಷ್ಟ್ರುಗಳ ಮಿಮಿಕ್ರಿಗೂ ಇದೇ ನಿಯಮ. ಹುಡುಗ ಹುಡುಗಿಯರ ಹೆಸರು ಜೋಡಿಸಿ ಹಾಸ್ಯ, ಬಣ್ಣದ ಮೇಲೆ, ಜಾತಿಯ ಮೇಲೆ, ಮನೆಯ ಬಡತನದ ಮೇಲೆ ಇಟ್ಟ ಅಡ್ಡಹೆಸರು, ಇವು ಯಾರು ಒಪ್ಪಿದರೂ ಬೇಡ.

ವೇದಿಕೆ ಮೇಲೆ ಕೂರದವರನ್ನು ಮರೆಯಬೇಡ. ಬಿಸಿಯೂಟದ ಅಮ್ಮಂದಿರು, ಗಂಟೆ ಹೊಡೆಯುವವರು, ಅರ್ಧ ವರ್ಷ ಪಾಠ ಮಾಡಿ ಹೋದ ಅತಿಥಿ ಶಿಕ್ಷಕಿ: ಇವರ ಹೆಸರು ಹೇಳು, ಜೊತೆಗೆ ಅವರು ಮಾಡಿದ ಒಂದು ಕೆಲಸ ಹೇಳು. ‘ಅಡುಗೆ ಸಿಬ್ಬಂದಿಗೆ ಧನ್ಯವಾದಗಳು’ ಅನ್ನುವುದಕ್ಕಿಂತ ‘ಪರೀಕ್ಷೆ ದಿನ ತಡವಾದರೂ ನಮಗೆ ಬಿಸಿ ಸಾರು ಎತ್ತಿಡುತ್ತಿದ್ದ ಅಮ್ಮ’ ಅಂದರೆ ಅವರು ಅಡುಗೆಮನೆಯ ಬಾಗಿಲಿಗೆ ಬಂದು ಕೇಳುತ್ತಾರೆ.

ಇನ್ನೊಂದು ವಿಷಯ ಸ್ವಲ್ಪ ಸೂಕ್ಷ್ಮ. ಎಂಟನೇ ಕ್ಲಾಸಿಗೆ ನಿನ್ನ ಜೊತೆ ಸೇರಿದವರಲ್ಲಿ ಕೆಲವರು ಈಗ ಇರಲಿಕ್ಕಿಲ್ಲ. ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು, ಕುರಿ ಹಿಂದೆ ಹೋದವರು, ಮದುವೆಯ ಮಾತು ಬಂದು ಶಾಲೆ ಬಿಟ್ಟ ಹುಡುಗಿಯರು. ‘ನಮ್ಮ ಜೊತೆ ಶುರುಮಾಡಿದ ಇವರೂ ನಮ್ಮ ಬ್ಯಾಚಿನವರೇ’ ಅಂತ ಅವರ ಹೆಸರು ಹೇಳು. ಕಾರಣ ಹೇಳಬೇಡ. ಹಳ್ಳಿಯಲ್ಲಿ ಮೈಕ್‌ನಲ್ಲಿ ಹೇಳಿದ ಕಾರಣ ಸಂಜೆಯೊಳಗೆ ಆ ಮನೆಯ ಅಂಗಳಕ್ಕೆ ಮುಟ್ಟಿರುತ್ತದೆ. ಸಾಧ್ಯವಾದರೆ ಅವರನ್ನು ಅವತ್ತು ಕರೆ, ಹೆಡ್‌ಮಾಸ್ಟರ್ ಬೇಡ ಅನ್ನಲಾರರು. ಮುಂದೆ ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟುವ ದಾರಿ ಇದೆ ಅನ್ನುವುದನ್ನು ಮೇಷ್ಟ್ರ ಬಾಯಲ್ಲೇ ಅವರಿಗೆ ಕೇಳಿಸು. ಗೆಳತಿ ಯಾರಿಗಾದರೂ 18 ತುಂಬುವ ಮೊದಲೇ ಮದುವೆ ಗೊತ್ತಾಗುತ್ತಿದೆ ಅಂತ ತಿಳಿದರೆ ಅದು ಭಾಷಣದ ವಿಷಯ ಅಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಹೇಳುವ ವಿಷಯ.

ದುಡ್ಡಿನ ಮಾತು. ಶಾಲೆಗೆ ಕಾಣಿಕೆ, ಗ್ರೂಪ್ ಫೋಟೋ, ಮಂಡಕ್ಕಿ ಮಿರ್ಚಿ ಅಂತ ವಸೂಲಿಗೆ ಹೊರಡುವವಳೂ ಲೀಡರೇ. ಅತಿ ಕಷ್ಟದಲ್ಲಿರುವ ಮನೆಯವರು ಕೊಡಬಹುದಾದಷ್ಟನ್ನೇ ಎಲ್ಲರಿಗೂ ಗೊತ್ತುಮಾಡು. ಯಾರು ಕೊಟ್ಟರು, ಯಾರು ಕೊಟ್ಟಿಲ್ಲ ಅನ್ನುವ ಪಟ್ಟಿ ಬೋರ್ಡ್ ಮೇಲೆ ಬೇಡವೇ ಬೇಡ. ಪಟ್ಟಿಯಿಂದ ಆದದ್ದು ಸಾಕು. ಕಾಣಿಕೆಯಾಗಿ ಗೋಡೆ ಗಡಿಯಾರ ಕೊಡಬೇಡಿ, ಪ್ರತಿ ವರ್ಷದ ಬ್ಯಾಚೂ ಕೊಟ್ಟು ನಿಂತ ಗಡಿಯಾರಗಳು ಪ್ರತಿ ಶಾಲೆಯ ಬೀರುವಿನಲ್ಲೂ ಇವೆ. ಕ್ಲಾಸಿನಲ್ಲಿ ಏನು ಇಲ್ಲದೆ ಒದ್ದಾಡಿದಿರೋ ಅದನ್ನೇ ಕೊಡಿ. ಒಂದು ಫ್ಯಾನ್ ರಿಪೇರಿ ಮಾಡಿಸಿದರೂ ಆದೀತು.

ಗ್ರೂಪ್ ಫೋಟೋ ಬಗ್ಗೆ ಒಂದು ವಿನಂತಿ. ತೆಗೆಸಿದ ವಾರದಲ್ಲೇ ಹಿಂದಿನ ಸಾಲು, ನಡುವಿನ ಸಾಲು, ಕೂತವರು, ಎಡದಿಂದ ಬಲಕ್ಕೆ ಅಂತ ಪ್ರತಿಯೊಬ್ಬರ ಹೆಸರು, ಊರು ಬರೆದು ಫೋಟೋ ಹಿಂದೆ ಅಂಟಿಸು. ಎಲ್ಲರ ಪ್ರತಿಗೂ ಅದರ ಜೆರಾಕ್ಸ್ ಕೊಡು. ಒಂದು ಪ್ರತಿ ಶಾಲೆಗೂ ಇರಲಿ. ಗುರುವಂದನೆಗಳಲ್ಲಿ ಹಳೇ ಫೋಟೋ ಹಿಡಿದು ‘ಇವನ್ಯಾರು, ಇವಳ್ಯಾರು’ ಅಂತ ಅರ್ಧ ಗಂಟೆ ಒದ್ದಾಡುವುದನ್ನು ನೋಡಿದ್ದೇನೆ. ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ನಡೆದದ್ದು ಮುಪ್ಪಿನಲ್ಲೂ ಹೆಚ್ಚು ನೆನಪಿಗೆ ಬರುತ್ತದೆ ಅಂತ ನೆನಪಿನ ಅಧ್ಯಯನ ಮಾಡಿದವರು ತೋರಿಸಿದ್ದಾರೆ. ಪ್ರಸಂಗ ಉಳಿಯುತ್ತದೆ ನಿಜ, ಹೆಸರುಗಳು ಮಾತ್ರ ಜಾರಿಹೋಗುತ್ತವೆ. ವಾಟ್ಸ್ಯಾಪ್ ಗ್ರೂಪ್ ಮಾಡ್ತೀವಲ್ಲ ಅನ್ನಬಹುದು. ಈಗ ನಿಮ್ಮಲ್ಲಿ ಹೆಚ್ಚಿನವರ ನಂಬರ್ ಅಪ್ಪನದೋ ಅಣ್ಣನದೋ ಇರುತ್ತದೆ, ವರ್ಷದೊಳಗೆ ಬದಲಾಗುತ್ತದೆ. ಕಾಗದ ಇರಲಿ.

ಮೈಕ್ ಮುಂದೆ ಅಳು ಬಂದರೆ? ಬರಬಹುದು. ನಿಲ್ಲಿಸು, ನೀರು ಕುಡಿ, ಮುಂದಿನ ಸಾಲಿನ ಮೇಲೆ ಬೆರಳಿಟ್ಟುಕೊಂಡು ಓದು. ಅಳಲೇಬೇಕು ಅಂತಲೂ ಇಲ್ಲ. ಸೆಂಡಾಫ್‌ನಲ್ಲಿ ಅಳದವರಿಗೆ ಪ್ರೀತಿ ಇಲ್ಲ ಅನ್ನುವ ಒಂದು ಹುಚ್ಚು ಲೆಕ್ಕ ನಮ್ಮಲ್ಲಿದೆ, ಅದಕ್ಕೆ ಸೊಪ್ಪು ಹಾಕಬೇಡ.

ಕೊನೆಗೆ ದೀಪವನ್ನೋ ಮೇಣದಬತ್ತಿಯನ್ನೋ ಒಂಬತ್ತನೇ ಕ್ಲಾಸಿನ ಲೀಡರ್ ಕೈಗೆ ಕೊಡುವ ಪದ್ಧತಿ ನಿಮ್ಮಲ್ಲೂ ಇರಬಹುದು. ಅದರ ಜೊತೆ ಒಂದು ಹಾಳೆಯನ್ನೂ ಕೊಡು. ಯಾವ ಕಿಟಕಿಯ ಚಿಲಕ ಹಾಕಲು ಬರಲ್ಲ, ಯಾವ ಬೀಗದ ಕೈ ಯಾರ ಹತ್ತಿರ, ಮುಂದಿನ ಬೆಂಚಿನಲ್ಲಿ ಯಾರನ್ನು ಕೂರಿಸಬೇಕು, ಇಂಥವು. ಮೇಲೆ ಒಂದು ಸಾಲು: ‘ಹೆಸರು ಬರಿ ಅಂದರೆ, ಒಂದು ಗುಂಪು ಓದಿಸ್ತೀನಿ ಸಾರ್ ಅಂತ ಕೇಳಿ ನೋಡು.’ ಕೆಲವು ಮೇಷ್ಟ್ರು ಒಪ್ಪುತ್ತಾರೆ.

ಚೀಟಿಯ ಡಬ್ಬಿಯನ್ನು ಈ ವಾರವೇ ಇಡು. ಪೂರ್ವಸಿದ್ಧತಾ ಪರೀಕ್ಷೆ ಶುರುವಾದ ಮೇಲೆ ಕೇಳಿದರೆ ಡಬ್ಬಿಯಲ್ಲಿ ಪೈಥಾಗೊರಸ್‌ನ ಪ್ರಮೇಯವೇ ಸಿಕ್ಕೀತು.